ಮೂಗಿನ ಮಿಸ್ತ್ರಿಯ ಟ್ಯಾಂಕು

ಏಪ್ರಿಲ್ 27, ಭಾನುವಾರ

ನಿವೃತ್ತಿಯ ದಿನ ಬಸ್ ಡಿಪೊದವರು ಒಂದು ಶಾಲು, ಒಂದು ಹಾರ, ಈ ಡೈರಿ ಕೊಟ್ಟರು. ಶಾಲು ಟ್ರಂಕು ಸೇರಿತು. ಹಾರವನ್ನು ಪಕ್ಕದ ಮನೆಯ ಆಡು ತಿಂದಿತು. ಡೈರಿ ಮಾತ್ರ ಇಷ್ಟು ದಿನ ನನ್ನ ಮುಖ ನೋಡುತ್ತಾ ಕೂತಿತ್ತು. ಮೂವತ್ನಾಲ್ಕು ವರ್ಷ ಬಸ್ಸುಗಳ ಜಾಬ್ ಕಾರ್ಡ್ ಬರೆದವನಿಗೆ ಬೇರೆ ಏನು ಬರೆಯಲು ಬರುತ್ತದೆ? ದೋಷ, ಕ್ರಮ, ಷರಾ. ನನ್ನ ಸಾಹಿತ್ಯವೆಲ್ಲ ಆ ಮೂರು ಕಾಲಮ್ಮಿನಲ್ಲೇ ಮುಗಿದಿದೆ.

ಇವತ್ತು ಬರೆಯಲು ಕಾರಣ ಸಿಕ್ಕಿತು. ಮನೆಯ ಮುಂದೆ ತಗಡು ಹೊದಿಸಿ ರಿಪೇರಿ ಅಂಗಡಿ ಹಾಕುತ್ತೇನೆಂದು ಒಂದು ವರ್ಷದಿಂದ ಹೇಳುತ್ತಿದ್ದೆನಲ್ಲ, ಅದರ ಮೊದಲ ಗಿರಾಕಿ ಬಂದ. ಹೊನವಾಡದ ದ್ರಾಕ್ಷಿ ಬೆಳೆಗಾರ ಯಲ್ಲಾಲಿಂಗ. ನಮ್ಮ ಇಬ್ರಾಹಿಂಪುರದ ರೈಲ್ವೆ ಹಳಿಯ ಪಕ್ಕದ ಗುಜರಿಯಲ್ಲಿ ಹುಲ್ಲು ಕತ್ತರಿಸುವ ಹಳೆಯ ಮಷಿನ್ ಒಂದನ್ನು ಕಂಡು, ಪಾಪ ಎನಿಸಿ ತಂದನಂತೆ. ಯಾವುದೋ ಹೋಟೆಲಿನ ತೋಟದಲ್ಲಿ ದುಡಿದು ಮುದಿಯಾದ ಮಷಿನ್. ನಾಲ್ಕು ಗಾಲಿಗಳಲ್ಲಿ ಒಂದು ಇಲ್ಲ.

"ಮಿಸ್ತ್ರಿ ಕಾಕಾ, ದ್ರಾಕ್ಷಿ ಸಾಲಿನ ನಡುವ ಹುಲ್ಲ ಮೊಣಕಾಲಿಗೆ ಬಂದೈತ್ರಿ. ಔಷಧಿ ಹೊಡ್ಯಾಕ ಮನಸಿಲ್ಲ. ಇದನ್ನ ನಡಿಯೂ ಹಂಗ ಮಾಡಿ ಕೊಡ್ರಿ. ಪೆಟ್ರೋಲ್ ಟ್ಯಾಂಕ ಎಲ್ಲೋ ಸೋರತೈತಿ. ಎಲ್ಲಿ ಅಂತ ನಿಮ್ಮ ಮೂಗಿಗೇ ಗೊತ್ತಾಗಬೇಕು" ಅಂದ.

ಡಿಪೊದಲ್ಲಿ ನನ್ನ ಹೆಸರು ಪರಸಪ್ಪ ಎಂದು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಉಳಿದವರಿಗೆ ನಾನು ಮೂಗಿನ ಮಿಸ್ತ್ರಿ. ಬಸ್ಸು ಗೇಟಿನೊಳಗೆ ಬರುವಾಗಲೇ ಇದರ ಡೀಸೆಲ್ ಪೈಪು ಬೆವರುತ್ತಿದೆ, ಇದರ ಬ್ರೇಕು ಸುಡುತ್ತಿದೆ ಎಂದು ಕೂತಲ್ಲೇ ಹೇಳುತ್ತಿದ್ದೆ. ಆ ಹೆಸರು ಹೊನವಾಡದವರೆಗೆ ಹೋಗಿದೆ ಎಂದು ಎದೆ ಉಬ್ಬಿತು.

ಮನೆಯವಳು ಮಷಿನ್ ನೋಡಿ, "ಯಪ್ಪಾ, ಪೆಟ್ರೋಲ್ ನಾತ! ಅಂಗಳದಾಗ ಇಡ್ರಿ, ಒಳಗ ತರಬ್ಯಾಡ್ರಿ" ಎಂದು ಕೂಗಿದಳು. ಹುಲಿಗೆವ್ವನಿಗೆ ಈಚೆಗೆ ಇದೊಂದು ಚಟ ಹತ್ತಿದೆ. ಬಸ್ ನಿಲ್ದಾಣದ ಮೈಕಿನ ಹಾಗೆ ದಿನವಿಡೀ ಮನೆಯ ವಾಸನೆಗಳನ್ನು ಘೋಷಣೆ ಮಾಡುತ್ತಾಳೆ. ಹಾಲು ಹತ್ತಾಕತ್ತಾವು. ಬ್ಯಾಳಿ ಹಳಸೇತಿ. ಅಂಗಿ ಬೆವರ ನಾತ ಹೊಡಿತೈತಿ, ತಗೀರಿ. ಗಂಡ ಮನೆಯಲ್ಲೇ ಕೂತ ಮೇಲೆ ಹೆಂಡತಿಗೆ ಮಾತಾಡಲು ಒಂದು ವಿಷಯ ಬೇಕಲ್ಲ, ಇರಲಿ ಬಿಡು ಎಂದು ಸುಮ್ಮನಿದ್ದೇನೆ.

ಏಪ್ರಿಲ್ 29, ಮಂಗಳವಾರ

ಎಂಜಿನ್ ಬಿಚ್ಚಿದೆ. ಮುದುಕನಾದರೂ ಎಲುಬು ಗಟ್ಟಿ. ಪ್ಲಗ್ ತೊಳೆದೆ, ಕಾರ್ಬುರೇಟರಿನಿಂದ ಒಂದು ಸತ್ತ ಕಣಜ ತೆಗೆದೆ. ತೊಂದರೆ ಟ್ಯಾಂಕಿನದೇ. ತಗಡಿನ ಟ್ಯಾಂಕು, ಅಡಿಯಲ್ಲಿ ತುಕ್ಕು.

ಇನ್ನೊಂದು ವಿಷಯ ಬರೆಯಬೇಕು. ಎರಡು ದಿನದಿಂದ ಬರೆಯಲೋ ಬೇಡವೋ ಎಂದು ಪೆನ್ನಿನ ಮುಚ್ಚಳ ತೆಗೆದು ಹಾಕುತ್ತಿದ್ದೇನೆ.

ದೋಷ: ನನ್ನ ಮೂಗು ಸತ್ತಿದೆ.

ಹೋದ ಶ್ರಾವಣದಲ್ಲಿ ಎಂಟು ದಿನ ಜ್ವರ ಬಂತು. ಜ್ವರ ಹೋಯಿತು, ಹೋಗುವಾಗ ವಾಸನೆಯನ್ನೂ ಕರೆದುಕೊಂಡು ಹೋಯಿತು. ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಒಂಬತ್ತು ತಿಂಗಳು ಕಾದೆ. ಬರಲಿಲ್ಲ. ನೌಕರಿಯ ಕೊನೆಯ ತಿಂಗಳುಗಳನ್ನು ಹೇಗೋ ತಳ್ಳಿದೆ. ಯಾರಾದರೂ "ಮಿಸ್ತ್ರಿ, ಏನ ವಾಸನಿ?" ಎಂದರೆ, "ನಿನಗೇನ ಅನಸ್ತೈತಿ, ಮೊದಲ ನೀ ಹೇಳು" ಎನ್ನುತ್ತಿದ್ದೆ. ಅವನು ಹೇಳಿದ್ದನ್ನೇ ತಲೆಯಾಡಿಸಿ ಹೌದೆನ್ನುತ್ತಿದ್ದೆ. ಎಲ್ಲರೂ ನಾನು ಪಾಠ ಹೇಳುತ್ತಿದ್ದೇನೆ ಎಂದುಕೊಂಡರು.

ಇದು ಯಾರಿಗೂ ಗೊತ್ತಿಲ್ಲ, ಹುಲಿಗೆವ್ವನಿಗೂ. ಗೊತ್ತಾದರೆ ಮುಗಿಯಿತು. ಪೆಟ್ರೋಲಿನ ವಾಸನೆ ತಿಳಿಯದವನ ಕೈಗೆ ಯಾರು ಮಷಿನ್ ಕೊಡುತ್ತಾರೆ? ಅವಳಂತೂ ಸ್ಪಾನರ್ ಪೆಟ್ಟಿಗೆಗೆ ಬೀಗ ಹಾಕಿ ಕೀಲಿಯನ್ನು ಸೆರಗಿಗೆ ಕಟ್ಟಿಕೊಳ್ಳುತ್ತಾಳೆ. ಅಂಗಡಿಯ ತಗಡು ಏರುವ ಮೊದಲೇ ಇಳಿಯುತ್ತದೆ. ಆಮೇಲೆ ನಾನು ಏನು ಮಾಡಲಿ? ರೈಲು ಎಣಿಸಲೇ?

ಕ್ರಮ: ಯಾರಿಗೂ ಹೇಳದಿರುವುದು. ಈ ಡೈರಿ ಇನ್ನು ಮುಂದೆ ಸ್ಪಾನರ್ ಪೆಟ್ಟಿಗೆಯ ತಳದಲ್ಲಿ ಇರುತ್ತದೆ.

ಮೇ 2, ಶುಕ್ರವಾರ

ಟ್ಯಾಂಕಿನ ತೂತು ಹುಡುಕಲು ಸುಲಭ ದಾರಿ ಒಂದಿದೆ. ಬಾಯಿ ಮುಚ್ಚಿ, ಸೈಕಲ್ ಪಂಪಿನಿಂದ ಗಾಳಿ ಹೊಡೆದು, ನೀರಿನಲ್ಲಿ ಮುಳುಗಿಸಿದರೆ ಗುಳ್ಳೆ ಏಳುತ್ತದೆ. ಆದರೆ ಮೂವತ್ನಾಲ್ಕು ವರ್ಷ ನಾನು ಗುಳ್ಳೆ ನೋಡಿದವರನ್ನು ನೋಡಿ ನಕ್ಕವನು. ಈಗ ಬಕೆಟ್ಟು ತಂದರೆ, ಮೂಗಿನ ಮಿಸ್ತ್ರಿಗೆ ಬಕೆಟ್ಟು ಯಾಕೆ ಎಂದು ಇವಳು ಕೇಳದೆ ಬಿಡುವವಳಲ್ಲ. ಹಾಗಾಗಿ ಟ್ಯಾಂಕಿಗೆ ಮೂಗು ಹಚ್ಚಿ, ಕಣ್ಣು ಮುಚ್ಚಿ, ಒಂದೆರಡು ಸಲ ಹುಂ ಹುಂ ಎಂದು ಧ್ಯಾನ ಮಾಡಿದೆ. ಒಲೆಯ ಮುಂದಿನಿಂದ ಅವಳು ನೋಡುತ್ತಿದ್ದಳು. ನಿಜವಾಗಿ ನಾನು ನೋಡುತ್ತಿದ್ದದ್ದು ಓರೆಗಣ್ಣಿನಿಂದ, ಧೂಳು ಎಲ್ಲಿ ಒದ್ದೆಯಾಗಿ ಕಪ್ಪಾಗಿದೆ ಎಂದು. ಸಿಕ್ಕಿತು, ಎಡ ಮೂಲೆಯಲ್ಲಿ.

ಮದ್ದು ಡಿಪೊದ್ದೇ. ಬಟ್ಟೆ ಸಾಬೂನು. ನೀರಿಗೆ ಕರಗುವ ಸಾಬೂನು ಪೆಟ್ರೋಲಿಗೆ ಜಗ್ಗುವುದಿಲ್ಲ. ರಸ್ತೆಯ ಮೇಲೆ ಎಷ್ಟು ಬಸ್ಸುಗಳನ್ನು ಸಾಬೂನು ಬಡಿದು ಡಿಪೊ ಮುಟ್ಟಿಸಿಲ್ಲ ನಾನು! ಗಟ್ಟಿಯಾಗಿ ತಿಕ್ಕಿ, ಹೆಬ್ಬೆರಳಿನಿಂದ ಒತ್ತಿ, ಮೇಲೊಂದು ಬಟ್ಟೆಪಟ್ಟಿ ಸುತ್ತಿದೆ.

"ಬಟ್ಟಿ ಸಾಬೂನ ಎಲ್ಲಿ ಹೋತು?" ಎಂದು ಮಧ್ಯಾಹ್ನ ಅವಳು ಹುಡುಕಾಡಿದಳು. ಆಡು ತಿಂದಿರಬೇಕು ಎಂದೆ.

ಮೇ 3, ಶನಿವಾರ

ದೋಷ: ಟ್ಯಾಂಕಿನ ಸೋರಿಕೆ.
ಕ್ರಮ: ಸಾಬೂನು.
ಷರಾ: ಸರಿಹೋಗಿದೆ. ಎಂಜಿನ್ ಐದನೆಯ ಎಳೆತಕ್ಕೆ ಕೂಗಿತು. ಆಡು ಹಗ್ಗ ಹರಿದುಕೊಂಡು ಓಡಿತು.

ಮೇ 8, ಗುರುವಾರ

ಇವಳ ಮೈಕು ನಿಲ್ಲುತ್ತಿಲ್ಲ. ಬೆಳಿಗ್ಗೆ: "ಇನ್ನೂ ಸೋರಾಕತ್ತೈತ್ರಿ ಅದು." ಮಧ್ಯಾಹ್ನ: "ನಾತ ಬರಾಕತ್ತೈತಿ ನೋಡ್ರಿ." ಸಂಜೆ ರೊಟ್ಟಿ ಬಡಿಯುತ್ತಾ: "ನಿಮಗ ಬರವಲ್ದೇನು?"

"ನನ್ನ ಮೂಗಿಗೆ ನೀ ಸಾಲಿ ಕಲಸ್ತೀ ಏನಲೇ?" ಎಂದೆ.

"ನಾ ಯಾಕ ಕಲಸ್ಲಿ? ಅದು ಕಲ್ತು ನಿವೃತ್ತಿ ಆಗೇತಿ" ಎಂದಳು. ಬಾಯಿ ನೋಡು!

ಒಳಗೊಳಗೆ ಅನುಮಾನ ಹುಟ್ಟಿತು. ಬಿಸಿಲು ಕಾದ ಹಂಚಿನಂತೆ ಸುಡುತ್ತಿದೆ. ಬಿಸಿಲಿಗೆ ಸಾಬೂನು ಮೆತ್ತಗಾಗುತ್ತಿರಬಹುದು. ನೆರಳಿನಲ್ಲಿ ಇಟ್ಟರೆ ಗಟ್ಟಿ ನಿಲ್ಲುತ್ತದೆ.

ಮೇ 11, ಭಾನುವಾರ

ನಾಳೆ ಬುದ್ಧ ಪೂರ್ಣಿಮೆ. ಓಣಿಯ ಬುದ್ಧ ವಿಹಾರ ತೊಳೆಯಲು ಹೆಂಗಸರೆಲ್ಲ ಹೋಗಿದ್ದರು, ಹುಲಿಗೆವ್ವನೂ. ಆ ಹೊತ್ತಿನಲ್ಲಿ ಮಷಿನನ್ನು ಎತ್ತಿ ತಂದು ಪಡಸಾಲೆಯ ಮೂಲೆಯಲ್ಲಿಟ್ಟು ಹಳೆಯ ಚಾದರ ಹೊದಿಸಿದೆ. ತಂಪಾದ ಜಾಗ. ಬಂದವಳಿಗೆ ದಣಿವು, ನೆಗಡಿ ಬೇರೆ. ಗಮನಿಸಲಿಲ್ಲ. ನಾನು ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ಸುಮ್ಮನೆ ಕೂತೆ.

ಮೇ 12, ಸೋಮವಾರ

ಅಕ್ಷರ ಸೊಟ್ಟಗಿವೆ.

ಬೆಳಿಗ್ಗೆ ಹುಲಿಗೆವ್ವ ಬಿಳಿ ಸೀರೆ ಉಟ್ಟು, ಖೀರು ಮಾಡಿ ಒಲೆ ಆರಿಸಿ, ಒಂದು ಡಬ್ಬಿಯಲ್ಲಿ ಪಕ್ಕದ ಮನೆಗೆ ಕೊಟ್ಟು ಬರಲು ಹೋದಳು. "ಮೇಣಬತ್ತಿ ಹಚ್ಚಿರ್ರಿ, ಬಂದೆ" ಎಂದು ಹೇಳಿದ್ದಳು. ಪಡಸಾಲೆಯಲ್ಲೇ ಬುದ್ಧನ ಫೋಟೊ, ಬಾಬಾಸಾಹೇಬರ ಫೋಟೊ. ಎರಡರ ಮುಂದೆ ಎರಡೆರಡು ಮೇಣಬತ್ತಿ ನಿಲ್ಲಿಸಿದೆ. ಬೆಂಕಿಕಡ್ಡಿ ತೆಗೆದು ಗೀರಲು ಪೆಟ್ಟಿಗೆಗೆ ಆನಿಸಿದೆ.

ಹೊರಗಿನಿಂದ ಬಂದವಳು ಮೂಗು ಅರಳಿಸಿಕೊಂಡು ಹೊಸ್ತಿಲಲ್ಲಿ ನಿಂತಿದ್ದಳು. ಕೂಗಲಿಲ್ಲ. ಕೂಗುವ ಹೆಂಗಸು ಕೂಗಲಿಲ್ಲ ಎಂಬುದೇ ನನಗೆ ಹೆದರಿಕೆ ಹುಟ್ಟಿಸಿತು. ಮಲಗಿದ ಕೂಸಿಗೆ ಹೇಳುವ ದನಿಯಲ್ಲಿ, "ರೀ, ಕೈ ಹಂಗ ಇರ್ಲಿ. ಗೀರಬ್ಯಾಡ್ರಿ" ಎಂದಳು. ಮೆಲ್ಲಗೆ ಬಂದು ಕಡ್ಡಿಯನ್ನೂ ಪೆಟ್ಟಿಗೆಯನ್ನೂ ನನ್ನ ಕೈಯಿಂದ ತೆಗೆದುಕೊಂಡು, ಅಂಗಳ ದಾಟಿ ರಸ್ತೆಗೆ ಎಸೆದಳು. ಆಮೇಲೆ ಕಿಟಕಿ, ಬಾಗಿಲು ಎಲ್ಲ ತೆರೆದು ಚಾದರ ಎಳೆದಳು. ಮಷಿನಿನ ಕೆಳಗೆ ಚಾಪೆ ಅಂಗೈಯಗಲವಲ್ಲ, ಹಿಟ್ಟು ನಾದುವ ಪರಾತದಗಲ ಒದ್ದೆಯಾಗಿತ್ತು. ನನ್ನ ಕಾಲಿನಿಂದ ಎರಡು ಮಾರು.

ನಾನು ಏನೆಂದೆ ಗೊತ್ತೇ? ಬರೆಯಲು ನಾಚಿಕೆಯಾಗುತ್ತದೆ. ಬರೆಯುತ್ತೇನೆ.

"ಗೊತ್ತಿತ್ತು ನನಗ. ನಿನ್ನ ಮೂಗು ನೆಟ್ಟಗೈತೋ ಇಲ್ಲೋ ನೋಡಾಕತ್ತಿದ್ದೆ" ಎಂದೆ.

ಅವಳು ನನ್ನನ್ನೇ ನೋಡಿದಳು. "ಏನಾರ ಹೇಳೂದೈತೇನ್ರಿ ನನ್ನ ಮುಂದ?" ಎಂದು ಕೇಳಿದಳು.

"ಏನೂ ಇಲ್ಲ."

"ಏನೂ ಇಲ್ಲಾ?"

"ಇಲ್ಲ ಅಂದ್ರ ಇಲ್ಲಲೇ."

ಮಷಿನನ್ನು ಇಬ್ಬರೂ ಎತ್ತಿ ಅಂಗಳಕ್ಕೆ ಒಯ್ದೆವು. ಹೊತ್ತು ಏರಿದ ಮೇಲೆ, ನೆಲವನ್ನು ಮೂರು ಸಲ ಒರೆಸಿದ ಮೇಲೆ, ಅವಳೇ ಮೇಣಬತ್ತಿ ಹಚ್ಚಿದಳು. ಖೀರು ಆರಿಹೋಗಿತ್ತು.

ಮೇ 13, ಮಂಗಳವಾರ

ಬಬಲೇಶ್ವರಕ್ಕೆ ಹೋದಳು, ತಂಗಿ ತಾಯವ್ವನ ಮನೆಗೆ. ಒಂಬತ್ತರ ಬಸ್ಸು. ಚೀಲ ಹಿಡಿದು ಹೊಸ್ತಿಲು ದಾಟುವಾಗ, "ಅದು ಅಂಗಳ ಬಿಟ್ಟ ಮ್ಯಾಲ ಫೋನ್ ಮಾಡ್ರಿ" ಎಂದಳು. ಅದು ಅಂದರೆ ಮಷಿನ್ ಎಂದುಕೊಂಡಿದ್ದೇನೆ.

ಹೋಗಲಿ. ಮನೆಯಲ್ಲಿ ಶಾಂತಿ. ಮೈಕು ಬಂದ್.

ಮೇ 14, ಬುಧವಾರ

ಪೆಟ್ರೋಲೆಲ್ಲ ಡಬ್ಬಿಗೆ ಇಳಿಸಿ ದೂರ ಇಟ್ಟೆ. ಟ್ಯಾಂಕು ಬಿಚ್ಚಿದೆ. ಸಾಬೂನು ಬೆಣ್ಣೆಯಾಗಿತ್ತು. ಅದಕ್ಕಿಂತ ದೊಡ್ಡ ತಪ್ಪು ಎಂದರೆ ಅಂಚಿನ ಮಡಿಕೆಯಲ್ಲಿ ಇನ್ನೊಂದು ತೂತು ಇದ್ದಿರಬೇಕು, ಅದು ನನಗೆ ಕಂಡೇ ಇರಲಿಲ್ಲ. ಮೊದಲಿನ ಮೂಗಾಗಿದ್ದರೆ ರಸ್ತೆಯಿಂದಲೇ ಹೇಳುತ್ತಿತ್ತು.

ಊಟ: ಅವಳು ಮಾಡಿಟ್ಟ ರೊಟ್ಟಿ, ಬೇಳೆ ಸಾರು.

ಮೇ 15, ಗುರುವಾರ

ಅದೇ ಸಾರು ಬಿಸಿ ಮಾಡಿ ಉಂಡೆ. ಚೆನ್ನಾಗಿತ್ತು. ಸ್ವಲ್ಪ ಹುಳಿ ಮುಂದಿತ್ತು, ಅಷ್ಟೇ.

ಮೇ 16, ಶುಕ್ರವಾರ

ಹೊಟ್ಟೆ.

ಮೇ 17, ಶನಿವಾರ

ಇನ್ನೂ ಹೊಟ್ಟೆ. ಮಜ್ಜಿಗೆ ಕುಡಿಯೋಣವೆಂದು ಗಡಿಗೆ ತೆಗೆದೆ. ಕುಡಿಯಬಹುದೋ ಬಾರದೋ ತಿಳಿಯದೆ ಗಡಿಗೆ ಹಿಡಿದುಕೊಂಡೇ ಅಡುಗೆಮನೆಯಲ್ಲಿ ನಿಂತೆ. ಪಕ್ಕದ ಮನೆಗೆ ಒಯ್ದು ಇದರ ವಾಸನೆ ನೋಡಿ ಎನ್ನಲೇ? ಏನೆಂದುಕೊಂಡಾರು? ಚೆಲ್ಲಿದೆ. ಮನೆ ತುಂಬಾ ದೊಡ್ಡದೆನಿಸುತ್ತಿದೆ. ಎರಡೇ ಕೋಣೆ ಇರುವುದು.

ಮೇ 18, ಭಾನುವಾರ

ಯಲ್ಲಾಲಿಂಗ ಫೋನ್ ಮಾಡಿದ. ಹುಲ್ಲು ಸೊಂಟಕ್ಕೆ ಬಂದಿದೆಯಂತೆ, ಮುಂದಿನ ಭಾನುವಾರ ಮಷಿನ್ ಬೇಕೇ ಬೇಕಂತೆ. ಆಗಲಿ ಎಂದೆ.

ಈ ಟ್ಯಾಂಕಿಗೆ ಬೆಸುಗೆಯೇ ಆಗಬೇಕು. ಡಿಪೊದ ವೆಲ್ಡರನ ಹತ್ತಿರ ಹೋಗುವ ಹಾಗಿಲ್ಲ. ಅವನು ಮೊದಲು ಕೇಳುವುದೇ, "ಮಿಸ್ತ್ರಿ, ವಾಸನಿ ನೋಡಿದ್ರೇನು?" ಎಂದು. ಗೋಳಗುಮ್ಮಟದ ಹತ್ತಿರ ಕಲಾಯಿ ಅಂಗಡಿ ಇಟ್ಟ ತರನ್ನುಮಳ ನೆನಪಾಯಿತು. ಅಪ್ಪನ ಕಸುಬು ಹಿಡಿದವಳು. ತಾಮ್ರ, ಹಿತ್ತಾಳೆ ಪಾತ್ರೆಗೆ ತವರ ಬಳಿಯುವವಳು ತಗಡಿನ ತೂತಿಗೂ ತವರ ಹಾಕಬಲ್ಲಳು. ಆದರೆ ಮೂವತ್ನಾಲ್ಕು ವರ್ಷದ ಮಿಸ್ತ್ರಿ ಬರೀ ಟ್ಯಾಂಕು ಹಿಡಿದು ಕಲಾಯಿ ಅಂಗಡಿಯ ಮುಂದೆ ನಿಲ್ಲುವುದೇ? ಜೊತೆಗೊಂದು ಪಾತ್ರೆ ಇದ್ದರೆ ಮರ್ಯಾದೆ.

ಹುಲಿಗೆವ್ವನಿಗೆ ಫೋನ್ ಮಾಡಿದೆ. "ಹಿತ್ತಾಳಿ ಕೊಳಗ ಎಲ್ಲಿ ಇಟ್ಟೀ? ಕಲಾಯಿ ಹಚ್ಚಿಸಿಕೊಂಡ ಬರತೀನಿ."

ಮೂವತ್ತು ವರ್ಷದಲ್ಲಿ ನಾನು ಕೊಳಗದ ಹೆಸರು ಎತ್ತಿದ್ದು ಇದೇ ಮೊದಲು.

"ಉಂಡೀರಿಲ್ಲೋ?" ಎಂದಳು.

"ಉಂಡೇನಿ."

"ಆ ಬ್ಯಾಳಿ ಸಾರ ಚೆಲ್ಲಿದ್ರೋ ಇಲ್ಲೋ?"

"ಅವತ್ತ ಚೆಲ್ಲೇನಿ."

"ನಾಳಿಗೆ ಬರತೀನಿ. ಕೊಳಗ ನಿಮಗ ಸಿಗೂದಿಲ್ಲ" ಎಂದು ಇಟ್ಟಳು. ಕೊಳಗಕ್ಕಾಗಿ ಬರುತ್ತಿದ್ದಾಳೆ ಅಷ್ಟೇ.

ಮೇ 20, ಮಂಗಳವಾರ

ಇವತ್ತಿನದು ಉದ್ದ ಬರೆಯಬೇಕು.

ಕೊಳಗ ಅವಳ ತೊಡೆಯ ಮೇಲೆ, ಟ್ಯಾಂಕು ಚೀಲದಲ್ಲಿ, ಬೈಕಿನ ಮೇಲೆ ಹೋದೆವು. ಟ್ಯಾಂಕನ್ನು ಜಲ್ಲಿಕಲ್ಲು ಹಾಕಿ ಕುಲುಕಿ, ಸಾಬೂನು ಪುಡಿಯಲ್ಲಿ ಮೂರು ಸಲ ತೊಳೆದಿದ್ದೆ. ತರನ್ನುಮಳಿಗೆ ನಲವತ್ತರ ಆಸುಪಾಸು. ತಿದಿಯ ಮುಂದೆ ಕೂತರೆ ಪೈಲ್ವಾನಳ ಹಾಗೆ ಕಾಣುತ್ತಾಳೆ. ಹುಲಿಗೆವ್ವನನ್ನು ನೋಡಿ, "ಬರ್ರಿ ಕಾಕಿ, ಕಾಕಾನ್ನೂ ಕಲಾಯಿಗೆ ತಂದೀರೇನು?" ಎಂದಳು.

"ತಂದೇನವ್ವ. ಹೊಳಪು ಬರತೈತೇನ ನೋಡು" ಎಂದಳು ಇವಳು. ಹೆಂಗಸರು ಇಬ್ಬರು ಸೇರಿದರೆ ಗಂಡಸು ಪಾತ್ರೆಗಿಂತ ಕಡೆ.

ಟ್ಯಾಂಕು ನೋಡಿ ತರನ್ನುಮ ಯಾವ ನಾಚಿಕೆಯೂ ಇಲ್ಲದೆ ಬಾನಿಗೆ ನೀರು ತುಂಬಿ ಮುಳುಗಿಸಿದಳು. ಗಾಳಿ ಹೊಡೆಯಲು ನನಗೇ ಹಚ್ಚಿದಳು. ಗುಳ್ಳೆಗಳು ಎದ್ದವು. ಎರಡಲ್ಲ, ಮೂರು ಕಡೆ. ಮೂರಕ್ಕೂ ಸೀಮೆಸುಣ್ಣದಲ್ಲಿ ಗುರುತು ಹಾಕಿದಳು. ಕೆಂಡ ಊದಿದಳು, ಬೆಸುಗೆಯ ತಾಮ್ರದ ಕಡ್ಡಿ ಕೆಂಪಗಾಯಿತು. ಆಮೇಲೆ ಟ್ಯಾಂಕನ್ನು ನನ್ನ ಕೈಗೆ ಕೊಟ್ಟು, "ಕಾಕಾ, ವಾಸನಿ ನೋಡಿ ಹೇಳ್ರಿ. ಪೆಟ್ರೋಲ್ ನಾತ ಪೂರಾ ಹೋಗಿರಬೇಕು. ನೀವು ಇಲ್ಲ ಅಂದ್ರ ಬೆಂಕಿ ಮುಟ್ಟಸ್ತೀನಿ" ಎಂದಳು.

"ಮೂರು ಸಲ ತೊಳದೇನವ್ವ. ನೀನ ನೋಡು."

"ನನ್ನ ಮೂಗ ಹೋಗಿ ಹತ್ ವರ್ಷಾತ್ರಿ. ಕಲಾಯಿಗೆ ಹಾಕೂ ಈ ನವಸಾಗರದ ಹೊಗಿ ಐತೆಲ್ಲ, ಅದು ತಿಂದ ಬಿಡ್ತು. ಬಂದ ಗಿರಾಕಿಗೆ ಕೇಳತೀನಿ, ನೋಡಿ ಹೇಳ್ರಿ ಅಂತ. ಎಲ್ಲಾರೂ ಹೇಳತಾರ."

ಸುತ್ತಿಗೆ ಸ್ವಲ್ಪ ಕೊಡಿ ಎನ್ನುವ ಹಾಗೆ ಹೇಳಿದಳು. ಅಷ್ಟು ಸಲೀಸಾಗಿ. ಹತ್ತು ವರ್ಷದಿಂದ, ಬಂದವರನ್ನೆಲ್ಲ ಕೇಳುತ್ತಾ, ಅಂಗಡಿ ನಡೆಸುತ್ತಿದ್ದಾಳೆ.

ಟ್ಯಾಂಕಿನ ಬಾಯಿಗೆ ಮೂಗು ಹಚ್ಚಿದೆ. ಖಾಲಿ. ಗೋಡೆ ಮೂಸಿದಂತೆ. ಇಲ್ಲ ಎಂಬ ಮಾತು ನಾಲಿಗೆಯ ಮೇಲೆ ಸಿದ್ಧವಾಗಿತ್ತು. ಒಂಬತ್ತು ತಿಂಗಳಿಂದ ಅದೇ ಮಾತನ್ನೇ ತಿರುಗಿಸಿ ತಿರುಗಿಸಿ ಹೇಳಿದ್ದೇನೆ. ತರನ್ನುಮ ಕಡ್ಡಿ ಎತ್ತಿ ನನ್ನ ಬಾಯನ್ನೇ ನೋಡುತ್ತಿದ್ದಳು. ಅವಳ ಕೈ ಟ್ಯಾಂಕಿನಿಂದ ಒಂದು ಗೇಣು. ನನಗೆ ಚಾಪೆಯ ಒದ್ದೆ ನೆನಪಾಯಿತು.

"ನನಗ ವಾಸನಿ ಬರೂದಿಲ್ಲವ್ವ" ಎಂದೆ.

ತಿದಿ ಒಮ್ಮೆ ಉಸಿರು ಬಿಟ್ಟಿತು. ಹುಲಿಗೆವ್ವನ ಮುಖ ನೋಡುವ ಧೈರ್ಯವಾಗಲಿಲ್ಲ. "ಶ್ರಾವಣದಿಂದ ಬರೂದಿಲ್ಲ. ಯಾವ ವಾಸನಿನೂ" ಎಂದು ಟ್ಯಾಂಕಿಗೇ ಹೇಳಿದೆ. ಅರವತ್ತು ವರ್ಷದ ಗಂಡಸಿಗೆ ಕಣ್ಣು ತುಂಬಿತು. ಹೊಗೆ ಇತ್ತು, ಅದೊಂದು ಪುಣ್ಯ.

"ಸರೀರಿ ಅತ್ತ" ಎಂದಳು ಹುಲಿಗೆವ್ವ. ಟ್ಯಾಂಕು ತೆಗೆದುಕೊಂಡು ಮೂಗು ಹಚ್ಚಿದಳು. "ಐತಿ ಇನ್ನೂ. ಮಡಿಕ್ಯಾಗ ಕುಂತೈತಿ ಹರಾಮಿ. ತಂಗಿ, ಆ ಕಡ್ಡಿ ದೂರ ಇಡವ್ವ. ಬಿಸಿನೀರ ಐತೇನು? ಸೋಡಾ ಐತೇನು?"

ಬಿಸಿನೀರು, ಸೋಡಾ ಹಾಕಿ ನಾನು ಕುಲುಕಿದೆ, ಅವಳು ಮೂಸಿದಳು. ಇನ್ನೂ ಐತಿ. ಮತ್ತೆ ಕುಲುಕಿದೆ. ಇನ್ನಾ ಸ್ವಲ್ಪ. ಮೂರನೆಯ ಸಲಕ್ಕೆ ಬಿಸಿಲಿನಲ್ಲಿ ಬೋರಲು ಹಾಕಿ ಒಣಗಿಸಿ ನೋಡಿ, "ಈಗ ಬರೇ ಸೋಡಾ ವಾಸನಿ. ಹಚ್ಚು" ಎಂದಳು. ಆಮೇಲೂ ತರನ್ನುಮ ತೂತಿನ ಕೆಳಗೆ ಒಂದು ಬೆರಳು ಬಿಟ್ಟು ಟ್ಯಾಂಕಿಗೆ ನೀರು ತುಂಬಿಸಿಯೇ ಕಡ್ಡಿ ಮುಟ್ಟಿಸಿದಳು. ನವಸಾಗರದ ಬಿಳಿ ಹೊಗೆ ಎದ್ದಿತು. ತವರ ಬೆಳ್ಳಿಯ ಹಾಗೆ ಹರಿದು ಮೂರೂ ಕಡೆ ಕೂತಿತು. ಅಂಥ ಕೈ ನಮ್ಮ ಡಿಪೊದಲ್ಲಿ ಇರಲಿಲ್ಲ.

ಬರುವಾಗ ಬೈಕಿನ ಹಿಂದೆ ಕೂತು ಅವಳು ಒಂದು ಮಾತೂ ಬೈಯಲಿಲ್ಲ. ಕೊಳಗ ನನ್ನ ಬೆನ್ನಿಗೆ ಒತ್ತುತ್ತಿತ್ತು.

ಮೇ 21, ಬುಧವಾರ

ಬೆಳಿಗ್ಗೆ ಚಹಾ ಕುಡಿಯುವಾಗ ಕೇಳಿದೆ. "ನಿನಗ ಗೊತ್ತಿತ್ತೇನು?"

"ಶ್ರಾವಣ ಮುಗಿಯೂ ಮುಂದನ ಗೊತ್ತಾತು. ಒಂದಿನ ಒಗ್ಗರಣಿ ಹತ್ತಿ ಮನಿ ತುಂಬ ಕರಕ ನಾತ. ನೀವು ಉಂಡು ಕೈ ತೊಳಕೊಂಡು, 'ಇವತ್ತ ಏನ ಘಮ್ ಅಂತೈತಲೇ ಸಾರು' ಅಂದ್ರಿ." ನಗು ತಡೆಯಲು ಸೆರಗು ಬಾಯಿಗೆ ಹಿಡಿದಳು. ಆಮೇಲೆ ನಗಲಿಲ್ಲ. "ಅವತ್ತಿನಿಂದ ಹೇಳಕೋತ ಬಂದೇನಿ. ಹಾಲು ಹತ್ತಿದ್ದು, ಸಾರ ಹಳಸಿದ್ದು. ಒಂದೊಂದು ವಾಸನಿ ಒದರಿ ಹೇಳೇನಿ. ನೀವು ಸಿಟ್ಟಿಗೇಳತಿದ್ರಿ."

"ಬಾಯಿ ಬಿಟ್ಟ ಕೇಳಬೇಕಿಲ್ಲೋ?"

"ನೀವಾಗೆ ಹೇಳಲಿ ಅಂತ ಕಾದೆ. ಹುಣ್ಣಿವಿ ದಿನ ಕೇಳಿದ್ನೆಲ್ಲ. ಏನೂ ಇಲ್ಲ ಅಂದ್ರಿ. ಅವತ್ತ ಭಾಳ ಸಂಕಟಾತ್ರಿ ನನಗ."

ನನಗೂ ಆಯಿತು. ಅದನ್ನು ಅವಳಿಗೆ ಹೇಳಿದೆ. ಅಂಗಡಿಯ ಮಾತನ್ನೂ ಎತ್ತಿದೆ, ಇನ್ನು ಅದು ಆಗುವ ಹೋಗುವ ಮಾತಲ್ಲ ಎಂದೆ. ಅವಳು ಚಹಾದ ಲೋಟ ಎತ್ತಿಕೊಂಡು ಹೋಗುತ್ತಾ, "ಕೈ ಹೋಗಿಲ್ಲೆಲ್ಲ? ಮೂಗ ಮನ್ಯಾಗ ಇನ್ನೊಂದೈತಿ" ಎಂದಳು.

ಆಮೇಲೆ ಡೈರಿ ತೆಗೆದು ಏಪ್ರಿಲ್ 27ರ ಪುಟ ಓದಿದೆ. ಮೈಕಿನ ಮಾತು. ಹೊಡೆದುಹಾಕಬೇಕೆಂದು ಪೆನ್ನು ತೆರೆದೆ. ಡಿಪೊದಲ್ಲಿ ಜಾಬ್ ಕಾರ್ಡಿನ ಮೇಲೆ ಬರೆದದ್ದನ್ನು ಹೊಡೆದುಹಾಕುವ ಹಾಗಿಲ್ಲ. ಹಾಗೇ ಬಿಟ್ಟೆ.

ಮೇ 25, ಭಾನುವಾರ

ಹೊನವಾಡ. ಯಲ್ಲಾಲಿಂಗನ ಟಂಟಂ ಗಾಡಿಯಲ್ಲಿ ಮಷಿನ್, ನಾನು, ಹುಲಿಗೆವ್ವ. ದ್ರಾಕ್ಷಿ ತೋಟ ನೋಡಲು ಬರುತ್ತೇನೆ ಎಂದಳು. ಟ್ಯಾಂಕು ತುಂಬಿಸಿ ಹದಿನೈದು ನಿಮಿಷ ಬಿಟ್ಟೆವು. ಅವಳು ಎಲೆ ನೋಡುವ ನೆವದಲ್ಲಿ ಮಷಿನನ್ನು ಒಂದು ಸುತ್ತು ಹಾಕಿ ಬಂದು, ನನ್ನ ಕಡೆ ನೋಡಿ ಕತ್ತು ಅಲ್ಲಾಡಿಸಿದಳು. ಇಲ್ಲ ಎಂದು ಅರ್ಥ. ಮೂರನೆಯ ಎಳೆತಕ್ಕೆ ಎಂಜಿನ್ ಎದ್ದಿತು. ಹಳೆಯ ಕೈಗಾಡಿಯ ಗಾಲಿ ಹಾಕಿದ್ದೆನಾದ್ದರಿಂದ ಸ್ವಲ್ಪ ಕುಂಟುತ್ತದೆ, ಆದರೆ ಹುಲ್ಲನ್ನು ಕ್ಷೌರಿಕನ ಹಾಗೆ ತೆಗೆಯಿತು.

ಹುಲ್ಲು ಕತ್ತರಿಸಿದ ವಾಸನೆ ಹೇಗಿದೆ ಎಂದು ಕೇಳಿದೆ. ಸ್ವಲ್ಪ ಯೋಚಿಸಿ, "ಹಸಿ ಹೆಸರುಕಾಳ ಕಚ್ಚಿದಂಗ" ಎಂದಳು. ಸರಿಯಾಗಿಯೇ ಹೇಳಿದಳು. ನೆನಪಾಯಿತು.

ದೋಷ: ಮೂರು ತೂತು.
ಕ್ರಮ: ತವರ.
ಷರಾ: ಸೋರುತ್ತಿಲ್ಲ. ನೋಡಿ ಖಾತ್ರಿ ಮಾಡಲಾಗಿದೆ.

ಜೂನ್ 1, ಭಾನುವಾರ

ಅಂಗಡಿಗೆ ತಗಡು ಏರಿತು. ನೀರಿನ ಬಾನಿಯೂ ಬಂತು, ಗುಳ್ಳೆ ನೋಡಲು. ಬೋರ್ಡು ಇನ್ನೂ ಬರೆಸಿಲ್ಲ.

ತಿಕೋಟಾದ ಸಂಗಣ್ಣ ಎಂಬವನು ಯಲ್ಲಾಲಿಂಗನಿಂದ ಕೇಳಿ ಕರೆಸಿದ್ದ. ಔಷಧಿ ಹೊಡೆಯುವ ಪಂಪು, ಪೆಟ್ರೋಲ್ ಎಲ್ಲಿ ಹೋಗುತ್ತಿದೆ ತಿಳಿಯುತ್ತಿಲ್ಲ ಎಂದು. ಟ್ಯಾಂಕು ಬದಲಿಸಿ ಎಂದು ಇಬ್ಬರು ಹೇಳಿದ್ದರಂತೆ. ನಾವು ಹೋಗಿ ಪಂಪಿನ ಹತ್ತಿರ ನಿಂತೊಡನೆ ವಾಸನೆ ಬಂತು. ಸೋರುತ್ತಿರುವುದು ಟ್ಯಾಂಕಲ್ಲ, ಪೈಪಿನ ಬುಡ. ಒಂದು ಕ್ಲಿಪ್ಪಿನ ಕೆಲಸ.

"ಏನ ಮೂಗ್ರಿ ಮಿಸ್ತ್ರಿ ನಿಮ್ಮದು!" ಎಂದು ಸಂಗಣ್ಣ ಬಾಯಿ ಬಿಟ್ಟ.

ಮೀಸೆ ಸರಿಮಾಡಿಕೊಂಡೆ. ಮೂವತ್ನಾಲ್ಕು ವರ್ಷ ಬಸ್ಸು ನೋಡಿದ್ದೇವೆ, ನಮ್ಮ ಮೂಗಿಗೆ ಪಂಪು ಯಾವ ಲೆಕ್ಕ? ಹುಲಿಗೆವ್ವ ಅತ್ತ ತಿರುಗಿ ಕೆಮ್ಮಿದಳು. ನೆಗಡಿ ಇನ್ನೂ ಹೋಗಿಲ್ಲವೇನೋ.

ತಿರುಗಿ ಬರುವಾಗ ಮೋಡ ಹಾಕಿತ್ತು. ಅವಳು ಹಿಂದೆ ಕೂತು ಶುರುಮಾಡಿದಳು. ಯಾರದೋ ಮನೆಯಲ್ಲಿ ಶೇಂಗಾ ಹುರಿಯುತ್ತಿದ್ದಾರೆ. ದ್ರಾಕ್ಷಿಗೆ ಗಂಧಕ ಹೊಡೆದಿದ್ದಾರೆ. ಇಲ್ಲೊಂದು ಕುರಿಹಿಂಡು ಈಗಷ್ಟೇ ದಾಟಿದೆ. ಮುಂದೆ ಎಲ್ಲೋ ಮಳೆ ಬಿದ್ದಿದೆ, ಮಣ್ಣು ನೆನೆದಿದೆ. ಗಾಳಿಗೆ ಒಂದೆರಡು ನನಗೆ ಕೇಳಿಸಲೇ ಇಲ್ಲ. ಗಾಡಿ ನಿಧಾನ ಮಾಡಿದೆ.